ತಳ ಕಾಣಬೇಕು, ಕೆಸರು ಏಳಬಾರದು

ಅವನಿಗೆ ಚಿನ್ನದ ಕಿವಿ ಇತ್ತಂತೆ. ಹಾಗಂತ ನಾನು ಬರೆದುಕೊಡಬೇಕಂತೆ. ಎರಡು ಪುಟ, ಒಂದು ಒಳ್ಳೆಯ ಪ್ರಸಂಗ, ಕೊನೆಗೆ ಕಣ್ಣು ಒದ್ದೆಯಾಗುವಂಥ ಒಂದು ಸಾಲು. ಹೊಸೂರಿನ ನಮ್ಮ ಜನಪದ ಸಂಘದ ಕಾರ್ಯದರ್ಶಿ ಫೋನು ಮಾಡಿ ಕೇಳಿದ್ದು ಇಷ್ಟು. ಅವನು ಸತ್ತು ಹೆಚ್ಚು ದಿನವಾಗಿಲ್ಲ, ನೆನಪಿನ ಪುಸ್ತಕಕ್ಕೆ ಆಗಲೇ ಮುಖಪುಟ ಸಿದ್ಧವಾಗಿದೆ. ಹೆಡ್‌ಫೋನು ಹಾಕಿಕೊಂಡು ಕಣ್ಣು ಮುಚ್ಚಿ ಕೂತ ಅವನ ಫೋಟೋ. ಧ್ಯಾನಕ್ಕೆ ಕೂತ ಋಷಿಯ ಹಾಗೆ. ಆ ಫೋಟೋ ತೆಗೆದಾಗ ನಾನು ಅಲ್ಲೇ ಇದ್ದೆ. ಅವನು ಧ್ಯಾನದಲ್ಲಿರಲಿಲ್ಲ. ತಲೆ ಸುತ್ತಿ ಬಂದು, ಬೀಳದ ಹಾಗೆ ಮೇಜಿನ ಅಂಚು ಹಿಡಿದುಕೊಂಡಿದ್ದ. ಮುಖಪುಟದಲ್ಲಿ ಆ ಕೈಯನ್ನು ಕತ್ತರಿಸಿ ತೆಗೆದಿದ್ದಾರೆ.

ಬರೆಯುತ್ತೇನೆ. ಅವರು ಕೇಳಿದ್ದನ್ನಲ್ಲ.

ಇಲ್ಲಿ ಅವನನ್ನು ಅವನು ಎಂದೇ ಬರೆಯುತ್ತೇನೆ. ಎದುರಿಗೆ ಅಣ್ಣ ಎನ್ನುತ್ತಿದ್ದೆ, ನೀವು ಎನ್ನುತ್ತಿದ್ದೆ. ನನಗಿಂತ ಬಹಳ ದೊಡ್ಡವನು. ಆದರೆ ಸತ್ತವರಿಗೆ ಬಹುವಚನ ಹಚ್ಚಿದ ಕೂಡಲೇ ವಾಕ್ಯ ತಾನಾಗಿಯೇ ಬಗ್ಗಿ ಕೈಮುಗಿಯತೊಡಗುತ್ತದೆ. ನನಗೆ ಕೈಮುಗಿಯುವ ಮನಸ್ಸಿಲ್ಲ. ಹೆಸರೂ ಬರೆಯುವುದಿಲ್ಲ. ಅದು ಮುಖಪುಟದ ಮೇಲೆ ಬೇಕಾದಷ್ಟು ದಪ್ಪಗಿದೆ.

ಹೊಸೂರಿನ ಆಲಸನತ್ತಂ ಬಡಾವಣೆಯಲ್ಲಿ ಒಂದು ಮನೆಯ ಮಹಡಿಯ ಮೇಲಿನ ಕೋಣೆಯನ್ನು ನಾವಿಬ್ಬರೂ ಸೇರಿ ಬಾಡಿಗೆಗೆ ಹಿಡಿದಿದ್ದೆವು. ನಾನು ಊರೂರು ತಿರುಗಿ ಹಾಡು, ವಾದ್ಯ ಧ್ವನಿಮುದ್ರಿಸಿಕೊಂಡು ಬರುವವಳು. ಅವನು ಅದನ್ನು ಮಿಕ್ಸ್ ಮಾಡುವವನು. ಎಂದರೆ, ಯಾವ ದನಿ ಎಷ್ಟು ಮುಂದೆ, ಯಾವುದು ಹಿಂದೆ, ಯಾವುದು ಎಡಕ್ಕೆ, ಯಾವುದು ಬಲಕ್ಕೆ ಎಂದು ಕೂರಿಸುವವನು. ಹೊರಗೆ ಸ್ಟುಡಿಯೋ ಅಂತ ಬೋರ್ಡು, ಒಳಗೆ ಸದ್ದೇ ಇಲ್ಲ. ಕೆಳಗಿನ ಮನೆಯ ಓನರಮ್ಮನಿಗೆ ಇದು ಬಗೆಹರಿಯದ ಒಗಟು. ಮೆಟ್ಟಿಲ ಬುಡದಲ್ಲಿ ನಿಂತು ಕೂಗುತ್ತಿದ್ದಳು:

“ಏನಪ್ಪಾ, ಸ್ಟುಡಿಯೋ ಅಂತೀರಾ, ಒಂದಿನಾನಾದ್ರೂ ಒಂದ್ ಪಾಟು, ಒಂದ್ ಹಾಡು ಕೇಳಿಸ್ಲಿಲ್ಲ. ಮೇಲೆ ಏನ್ ಕಳ್ಳ ನೋಟು ಅಚ್ಚು ಹಾಕ್ತೀರಾ?”

“ಹೂಂ ಕಣಮ್ಮಾ. ಗಾಂಧಿ ಬದ್ಲು ನಿನ್ ಮುಖಾನೇ ಹಾಕಿದೀವಿ. ಯಾವ ಅಂಗಡೀಲೂ ತಗೋತಿಲ್ಲ,” ಎನ್ನುತ್ತಿದ್ದ ಅವನು ಮೇಲಿನಿಂದ.

ಸದ್ದಿಲ್ಲದ್ದಕ್ಕೆ ಕಾರಣ ಹೆಡ್‌ಫೋನು. ಅಷ್ಟು ಸಣ್ಣ ಚೌಕದ ಕೋಣೆಯಲ್ಲಿ ಸ್ಪೀಕರು ಹಾಕಿದರೆ ಬೇಸ್, ಎಂದರೆ ತಳದ ದನಿ, ಮೂಲೆಗೆ ಹೋಗಿ ಗುಡ್ಡೆ ಬೀಳುತ್ತದೆ. ಒಂದು ಮೊಳ ಆಚೆ ಕೂತರೆ ಅದು ಇರುವುದೇ ಇಲ್ಲ, ಈಚೆ ಕೂತರೆ ಎದೆಗೆ ಗುದ್ದುತ್ತದೆ. ಜೊತೆಗೆ ಹೆದ್ದಾರಿಯ ಲಾರಿಗಳ ಗುಡುಗು ಬೇರೆ. ಹಾಗಾಗಿ ಹೆಡ್‌ಫೋನು. ಆದರೆ ಹೆಡ್‌ಫೋನೂ ಸತ್ಯ ಹೇಳುವುದಿಲ್ಲ. ಒಂದು ತಳವನ್ನು ಊದಿಸುತ್ತದೆ, ಇನ್ನೊಂದು ನುಂಗುತ್ತದೆ. ಅದಕ್ಕೊಂದು ಸಾಫ್ಟ್‌ವೇರು ಇದೆ. ಯಾವ ಹೆಡ್‌ಫೋನು ಎಲ್ಲಿ ಎಷ್ಟು ಸೇರಿಸುತ್ತದೆ, ಎಲ್ಲಿ ಎಷ್ಟು ಕದಿಯುತ್ತದೆ ಎಂದು ಮೊದಲೇ ಅಳೆದಿಟ್ಟುಕೊಂಡು, ಅದಕ್ಕೆ ಸರಿಯಾಗಿ ತಲೆಕೆಳಗಾದ ತಿದ್ದುಪಡಿ ಹಾಕಿ ಎಲ್ಲವನ್ನೂ ಸಮ ಮಾಡಿ ಕೇಳಿಸುತ್ತದೆ. ಕೆಲಸ ಕಲಿಯಲು ಬಂದವರಿಗೆ ಅವನು ಇದನ್ನು ಹೇಳುತ್ತಿದ್ದ ರೀತಿಯೇ ಬೇರೆ.

“ಹೆಡ್‌ಫೋನು ಅಂದ್ರೆ ಊರಿನ ಮಾತು ತಂದು ಹೇಳೋನು ಇದ್ದಂಗೆ ಕಣ್ಲಾ. ಎಷ್ಟು ಸೇರಿಸ್ತಾನೆ ಅಂತ ಗೊತ್ತಿದ್ರೆ ಅವನ್ನೂ ನಂಬ್ಬೋದು. ಸತ್ಯವಂತನೇ ಬರ್ಲಿ ಅಂತ ಕಾಯ್ತಾ ಕೂತ್ರೆ ಸುದ್ದೀನೇ ಸಿಗಲ್ಲ.”

ಒಂದು ನಿಯಮ ಮಾತ್ರ ಮೀರುವ ಹಾಗಿಲ್ಲ. ಆ ತಿದ್ದುಪಡಿ ಕೇಳುವವನ ಕಿವಿಗಷ್ಟೇ. ಕೆಲಸ ಮುಗಿಸಿ ಹಾಡಿನ ಫೈಲು ಹೊರತೆಗೆಯುವಾಗ ಅದನ್ನು ಆರಿಸಲೇಬೇಕು. ಮರೆತರೆ ತಿದ್ದುಪಡಿ ಹಾಡಿನೊಳಗೇ ಅಚ್ಚಾಗಿ ಹೋಗುತ್ತದೆ. ಆಮೇಲೆ ಯಾವ ಸ್ಪೀಕರಿನಲ್ಲಿ ಕೇಳಿದರೂ ವಿಕಾರ. ಹೀಗೆ ಮರೆತವನು ಅವನ ಕೈಗೆ ಸಿಕ್ಕರೆ ಮುಗಿಯಿತು.

“ಕನ್ನಡಕ ಹಾಕ್ಕಂಡು ಪಟ ನೋಡ್ಲಾ ಅಂದ್ರೆ ಪಟಕ್ಕೇ ಕನ್ನಡಕ ಬರ್ದ್ಬುಟ್ಟು ಬಂದವ್ನೆ. ಥೂ! ಹೋಗಿ ಆಟೋಗೆ ಹಾರನ್ ಫಿಟ್ ಮಾಡೋಗು, ಅದುಕ್ಕೆ ತಳ ಬೇಕಾಗಿಲ್ಲ.”

ಅವನ ಕಣ್ಣಿಗೂ ಕನ್ನಡಕ. ಅದರ ಕಡ್ಡಿ ಕಿವಿಯ ಮೇಲಿದ್ದರೆ ಹೆಡ್‌ಫೋನಿನ ಮೆತ್ತೆ ಸರಿಯಾಗಿ ಒತ್ತಿ ಕೂರುವುದಿಲ್ಲ, ಆ ಸಂದಿಯಿಂದಲೇ ಬೇಸ್ ಸೋರಿಹೋಗುತ್ತದೆ. ಆದ್ದರಿಂದ ತಳದ ಕೆಲಸಕ್ಕೆ ಕೂರುವಾಗ ಕನ್ನಡಕ ತೆಗೆದು ಜೇಬಿಗೆ ಹಾಕುತ್ತಿದ್ದ. ತೆಗೆದರೆ ಕಂಪ್ಯೂಟರಿನ ಪರದೆ ಮಂಜು. ಹಾಗಾಗಿ ಯಾವ ದನಿ ಎಷ್ಟಿದೆ ಎಂದು ತೋರಿಸುವ ಗೆರೆಯನ್ನು ನಾನು ಪಕ್ಕದಲ್ಲಿ ಕೂತು ಓದಿ ಹೇಳಬೇಕಿತ್ತು.

“ಹೆಂಗೈತೆ?”

“ತಳದಲ್ಲಿ, ಅರವತ್ತು ಹರ್ಟ್ಸ್ ಹತ್ರ ಗುಡ್ಡ ಎದ್ದಿದೆ ಅಣ್ಣಾ.”

“ಗುಡ್ಡ ನಿನ್ ಕಣ್ಣಿಗೋ, ಕಿವಿಗೋ?”

“ಕಣ್ಣಿಗೆ.”

“ಹಂಗಾರೆ ಇರ್ಲಿ ಬುಡು. ಹಾಡನ್ನ ನೋಡೋಕ್ ಬರಲ್ಲ ಜನ.”

ತಿದ್ದುಪಡಿಯ ಸಾಫ್ಟ್‌ವೇರಿನ ಕಿಟಕಿಯೊಂದನ್ನು ಮಾತ್ರ ತೆರೆಯಲು ಬಿಡುತ್ತಿರಲಿಲ್ಲ. ತೆರೆಯಹೋದರೆ ಕೈಗೆ ಹೊಡೆಯುತ್ತಿದ್ದ. “ಅದು ನನ್ ಕಿವಿ ವಿಚಾರ. ನಿಂಗ್ಯಾಕಮ್ಮಿ?” ಅಹಂಕಾರ ಅಂದುಕೊಂಡಿದ್ದೆ. ಅಹಂಕಾರಕ್ಕೇನೂ ಕಡಿಮೆ ಇರಲಿಲ್ಲವಲ್ಲ.

ಮಿಕ್ಸ್ ಮುಗಿದ ಮೇಲೆ ಯಾರದಾದರೂ ಕಾರಿನಲ್ಲಿ ಅದನ್ನು ಹಾಕಿಸಿ, ಬಾಗಿಲಿನ ಒಳಮೈಗೆ ಅಂಗೈ ಊರಿ ಕೂರುತ್ತಿದ್ದ. ದನದ ಹೊಟ್ಟೆ ಮುಟ್ಟಿ ಕರು ಇದೆಯೇ ಎಂದು ನೋಡುವವನ ಹಾಗೆ. ಸರಿಯಿದ್ದರೆ ಒಂದೇ ಮಾತು: “ತಳ ಕಾಣ್ಬೇಕು, ಕೆಸರು ಏಳ್ಬಾರ್ದು. ಅಷ್ಟೇಯಾ ಬೇಸು.” ಈ ಮಾತನ್ನು ನೆನಪಿನ ಪುಸ್ತಕದ ಮೊದಲ ಹಾಳೆಯಲ್ಲಿ ಹೂವಿನ ಚೌಕಟ್ಟು ಹಾಕಿ ಅಚ್ಚು ಮಾಡುತ್ತಾರಂತೆ.

ಇಲ್ಲಿಗೇ ನಿಲ್ಲಿಸಿದರೆ ಒಳ್ಳೆಯ ವ್ಯಕ್ತಿಚಿತ್ರ. ಮುಂಗೋಪಿ, ಮಾತುಗಾರ, ಕಸುಬುದಾರ. ಒಳಗೆ ಬೆಣ್ಣೆ ಇದ್ದಿರಬೇಕು ಎಂದು ಓದುವವರು ತಾವೇ ಸೇರಿಸಿಕೊಳ್ಳುತ್ತಾರೆ. ನನ್ನ ನೆನಪೂ ಅದಕ್ಕೆ ತಯಾರಾಗಿಯೇ ಕೂತಿದೆ. ಮೊನ್ನೆ ಅವನನ್ನು ನೆನೆದಾಗ ಕೈಯಲ್ಲೊಂದು ತಾಮ್ರದ ಕಡಗ ಕಂಡಿತು. ಅವನು ಕಡಗ ಹಾಕಿದವನೇ ಅಲ್ಲ. ಎಲ್ಲಿಂದ ಬಂತು? ನೆನಪಿಗೆ ಸಿಂಗಾರದ ಚಟ, ಬಿಟ್ಟರೆ ನಾಳೆ ಹಣೆಗೆ ವಿಭೂತಿಯನ್ನೂ ಹಚ್ಚೀತು. ಸಿಟ್ಟಿಗೆ ಅಷ್ಟು ಪುರುಸೊತ್ತಿಲ್ಲ. ಸಿಟ್ಟು ಏನನ್ನು ಬಿಡದೆ ಇಟ್ಟುಕೊಂಡಿದೆಯೋ ಅದನ್ನಷ್ಟೇ ನಂಬಿ ಮುಂದೆ ಬರೆಯುತ್ತೇನೆ.

ಗುರಪ್ಪ ಹೊಸೂರಿನ ಹತ್ತಿರ ತಳಿ ಎಂಬ ಊರಿನ ಕಡೆಯ ಒಂದು ಹಳ್ಳಿಯವನು. ರಾಗಿ, ಎಲೆಕೋಸು ಬೆಳೆಯುವ ರೈತ. ಸಾವಾದ ಮನೆಗೆ, ದೇವರ ಕೆಲಸಕ್ಕೆ ಉರುಮೆ ಬಾರಿಸುವವನು. ಉರುಮೆ ಕಂಡಿಲ್ಲದವರಿಗೆ ಹೇಳುತ್ತೇನೆ. ನಡು ಸಣ್ಣ, ಎರಡು ಬದಿಗೂ ಚರ್ಮ, ಕೊರಳಿಗೆ ನೇತುಹಾಕಿಕೊಳ್ಳುವ ವಾದ್ಯ. ಒಂದು ಬದಿಯನ್ನು ನೇರ ಕಡ್ಡಿಯಿಂದ ಹೊಡೆಯುತ್ತಾರೆ. ಇನ್ನೊಂದನ್ನು ಹೊಡೆಯುವುದಿಲ್ಲ, ಬಾಗಿದ ಕಡ್ಡಿಯಿಂದ ಉಜ್ಜುತ್ತಾರೆ. ಉಜ್ಜಿದರೆ ಈಯಲಿರುವ ಹಸು ನರಳುವಂಥ ಒಂದು ದನಿ ತಳದಿಂದ ಏರುತ್ತ ಬರುತ್ತದೆ. ಗುರಪ್ಪನ ಉರುಮೆಯಲ್ಲಿ ಆ ನರಳು ಎಷ್ಟು ಕೆಳಗಿಂದ ಏಳುತ್ತಿತ್ತೆಂದರೆ, ಅವನ ಅಂಗಳದಲ್ಲಿ ಮೈಕು ಹಿಡಿದು ಕೂತ ನನಗೆ ಮೊದಲು ಗೊತ್ತಾದದ್ದು ಕಿವಿಗಲ್ಲ, ಮಂಡಿಗೆ.

“ಈ ಉಜ್ಜೋ ಕಡೆ ತೊಗ್ಲು ನಮ್ಮಪ್ಪ ಬಿಗ್ದಿದ್ದು ಕಣಮ್ಮಿ,” ಎಂದಿದ್ದ ಗುರಪ್ಪ. “ನಮ್ಮಪ್ಪ ಉಜ್ಜಿ ಉಜ್ಜಿ ಅದುಕ್ಕೆ ದನಿ ಬರ್ಸವ್ನೆ. ನಾನ್ ಸುಮ್ನೆ ಕೈ ಆಡಿಸ್ತೀನಿ, ಕೂಗೋದು ಅದೇಯಾ.”

ಸಂಘದವರು ಈ ಸೀಮೆಯ ವಾದ್ಯಗಳ ಒಂದು ಧ್ವನಿಸಂಪುಟ ಹೊರತರುತ್ತಿದ್ದರು. ಗುರಪ್ಪನ ಉರುಮೆ ಅದರಲ್ಲಿ ಮೊದಲನೆಯದು. ಮಿಕ್ಸಿನಲ್ಲಿ ಅವನು ಉಜ್ಜುವ ಬದಿಯನ್ನು ಎಡಕ್ಕೆ ಕೂರಿಸಿದ, ಹೊಡೆಯುವ ಬದಿಯನ್ನು ಬಲಕ್ಕೆ. ಕೆಲಸ ಮುಗಿದು ಫೈಲು ಹೊರತೆಗೆಯುವ ದಿನ ನಾನು ಕೃಷ್ಣಗಿರಿಗೆ ಇನ್ನೊಂದು ಧ್ವನಿಮುದ್ರಣಕ್ಕೆ ಹೋಗಿದ್ದೆ. ಪರದೆ ಓದಿ ಹೇಳುವವರಿಲ್ಲ. ಒಬ್ಬನೇ ಕೂತು ಫೈಲು ತೆಗೆದು ಕಳಿಸಿದ.

ಕಾರ್ಯದರ್ಶಿ ಅದನ್ನು ಕಾರಿನಲ್ಲಿ ಹಾಕಿದ್ದು ರಾಜ್ಯದ ಗಡಿಯ ಜೂಜುವಾಡಿಯಲ್ಲಿ, ಚಹದಂಗಡಿಯ ಮುಂದೆ ಗಾಡಿ ನಿಲ್ಲಿಸಿ. ಅವನು ಮುಂದಿನ ಸೀಟಿನಲ್ಲಿ, ನಾನು ಹಿಂದೆ. ಉರುಮೆ ನರಳಿತು. ಎಡಗಡೆಯ ಬಾಗಿಲು ಗಡಗಡ ನಡುಗಿತು. ಬಲಗಡೆಯದು ಸುಮ್ಮನಿತ್ತು.

“ಎನ್ನ ಸಾರ್, ಏನಿದು?” ಕಾರ್ಯದರ್ಶಿ ದನಿ ತಗ್ಗಿಸಿದರು. “ಒಂದ್ ಕಡೆ ಮಾತ್ರ ಕೋಣ ಗುದ್ದಿದಂಗಿದೆ.”

ಹೊರಗಿನಿಂದ ಚಹದಂಗಡಿಯವನು ಬಗ್ಗಿ ನೋಡಿದ. “ಏನ್ ಸಾರ್, ಸೈಲೆನ್ಸರ್ ಹೋಗ್ಬುಡ್ತಾ?”

ಅವನ ಅಂಗೈ ಬಾಗಿಲ ಮೇಲೆ ಇತ್ತು. ಅದು ಬೆಂಕಿ ತಗುಲಿದ ಹಾಗೆ ಹಿಂದಕ್ಕೆ ಬಂದದ್ದನ್ನು ನಾನು ಕಂಡೆ. ಇದರಲ್ಲಿ ಮಾತ್ರ ನನ್ನ ನೆನಪಿನ ಕೈವಾಡ ಇಲ್ಲ. ಅವನಿಗೆ ಆ ಕ್ಷಣದಲ್ಲೇ ಗೊತ್ತಾಯಿತು. ಗೊತ್ತಾಗಿ, ಉಸಿರು ಕೂಡ ತೆಗೆದುಕೊಳ್ಳದೆ ಹೇಳಿದ:

“ತೊಗ್ಲು ಸಡ್ಲ ಐತೆ, ಉಜ್ಜೋ ಕಡೇದು. ನಾನೇನ್ ಮಾಡ್ಲಿ, ತಂದಿರೋದೇ ಅಂಗೆ.” ಆಮೇಲೆ ಹಿಂದಕ್ಕೆ ತಿರುಗದೆ ನನಗೆ, “ಮೈಕ್ ಬೇರೆ ಅದ್ರ ಬಾಯೊಳಕ್ಕೇ ತುರ್ಕಿದೀಯ.”

ನಾನು ಮೈಕು ಎಲ್ಲಿಟ್ಟಿದ್ದೆ ಎಂದು ನಾನೇ ಅನುಮಾನಿಸತೊಡಗಿದೆ. ಅವನ ಬಾಯಿಂದ ಬಂದ ಮಾತಿಗೆ ಅಷ್ಟು ಬೆಲೆ ಇತ್ತು. ಕಾರ್ಯದರ್ಶಿ ಅಲ್ಲೇ ಗುರಪ್ಪನಿಗೆ ಫೋನು ಹಚ್ಚಿ, 'ಹೊಸ ತೊಗಲು ಹಾಕಿಸ್ಕೊಂಡ್ ಬಾ, ಇನ್ನೊಂದ್ ಸಲ ರೆಕಾರ್ಡ್ ಮಾಡೋಣ' ಎಂದರು. ಫೋನಿನಲ್ಲಿ ಗುರಪ್ಪನ ದನಿ ನಮಗೂ ಕೇಳುತ್ತಿತ್ತು.

“ಸಡ್ಲ ಆಗೈತಾ ಸಾಮೀ? ನಂಗೇನೂ ಅನ್ನಿಸ್ಲಿಲ್ವೇ. ಯಾರಂದ್ರು?”

“ಸ್ಟುಡಿಯೋ ಸಾರ್ ಅಂದ್ರು.”

“ಅವ್ರೇ ಅಂದ್ಮೇಲೆ ಸರಿ ಬುಡಿ.”

ಅವನು ಕಿಟಕಿಯಾಚೆ ಗಡಿ ದಾಟಲು ಸಾಲುಗಟ್ಟಿದ್ದ ಲಾರಿಗಳನ್ನು ನೋಡುತ್ತಿದ್ದ.

ಕೋಣೆಗೆ ಬಂದವಳೇ ನನ್ನ ಮೂಲ ಧ್ವನಿಮುದ್ರಣ ತೆರೆದು ಕೇಳಿದೆ. ಚರ್ಮ ಸಡಿಲವಿಲ್ಲ. ಮೈಕು ಇರಬೇಕಾದಲ್ಲೇ ಇದೆ. ಎರಡೂ ಬದಿ ಸಮ. ಆಮೇಲೆ ಅವನ ಮಿಕ್ಸ್ ತೆರೆದೆ. ತಿದ್ದುಪಡಿಯ ಹಸಿರು ದೀಪ ಉರಿಯುತ್ತಲೇ ಇತ್ತು. ಆರಿಸದೆ ಫೈಲು ತೆಗೆದಿದ್ದ. ನಾನು ಆ ಕಿಟಕಿಯನ್ನು ತೆರೆದೆ. ಎಡಕ್ಕೊಂದು, ಬಲಕ್ಕೊಂದು ಗೆರೆ. ಹೆಡ್‌ಫೋನಿನ ತಿದ್ದುಪಡಿ ಎಂದರೆ ಎರಡೂ ಗೆರೆ ಹೆಚ್ಚು ಕಡಿಮೆ ಜೋಡಿಯಾಗಿ ಹೋಗಬೇಕು. ಇಲ್ಲಿ ಬಲದ್ದು ನೆಟ್ಟಗಿತ್ತು. ಎಡದ್ದು ತಳದಲ್ಲಿ ಬೆಟ್ಟದ ಹಾಗೆ ಎದ್ದಿತ್ತು.

ಅವನು ಬಾಗಿಲಲ್ಲಿ ನಿಂತಿದ್ದ.

“ಆ ಕಿಟಕಿ ತೆಗೀಬೇಡ ಅಂದಿದ್ನಲ್ಲಾ.”

“ಪಟಕ್ಕೆ ಕನ್ನಡಕ ಬರ್ದಿದೀರಿ ಅಣ್ಣಾ,” ಎಂದೆ. “ಎಡದ ಗೆರೆ ಯಾಕೆ ಹೀಗಿದೆ? ಹೆಡ್‌ಫೋನು ಕೆಟ್ಟಿದೆಯಾ?”

“ಹೆಡ್‌ಫೋನು ಚೆನ್ನಾಗೇ ಐತೆ. ಕೆಟ್ಟಿರೋದು ಅದ್ರ ಪಕ್ಕದ್ದು.”

ಎಡಗಿವಿ ಹೋಗಿತ್ತು. ಪೂರ್ತಿಯಲ್ಲ, ತಳದ ದನಿಗಳು ಮಾತ್ರ. ಬಂದು ಹೋಗುವ ಕಾಯಿಲೆ. ಬಂದಾಗ ಕಿವಿಯೊಳಗೆ ಗುಂಯ್ ಎನ್ನುವ ಸದ್ದು, ತಲೆ ಸುತ್ತು, ಹೋಗುವಾಗ ತಳವನ್ನು ಸ್ವಲ್ಪ ಸ್ವಲ್ಪವೇ ಒಯ್ಯುತ್ತಿತ್ತು. ಡಾಕ್ಟರು ಕಾಯಿಲೆಗೆ ಹೆಸರು ಹೇಳಿದ್ದರಂತೆ, ಅವನು ನನಗೆ ಹೇಳಲಿಲ್ಲ. ದಿನಾ ಬೆಳಗ್ಗೆ ನಾನು ಬರುವ ಮೊದಲು ಒಂದೊಂದೇ ದನಿಯನ್ನು ಎಡಗಿವಿಗೆ ಕೊಟ್ಟು ನೋಡಿ, ಎಷ್ಟು ಕೇಳುತ್ತಿಲ್ಲವೋ ಅಷ್ಟನ್ನು ಆ ಸಾಫ್ಟ್‌ವೇರಿನಲ್ಲಿ ಏರಿಸಿ ಇಟ್ಟುಕೊಳ್ಳುತ್ತಿದ್ದ. ಹೆಡ್‌ಫೋನಿನ ಸುಳ್ಳಿನ ಜೊತೆಗೆ ತನ್ನ ಕಿವಿಯ ಸುಳ್ಳನ್ನೂ ತಿದ್ದಿಕೊಂಡು ಕೆಲಸ ಮಾಡುತ್ತಿದ್ದ. ಎಷ್ಟೋ ಕಾಲದಿಂದ. ಯಾರಿಗೂ ಒಂದು ಕೂದಲೆಳೆ ವ್ಯತ್ಯಾಸ ಗೊತ್ತಾಗಿರಲಿಲ್ಲ.

ಇದನ್ನು ಹೊಗಳಬೇಕೆಂದರೆ ಹೊಗಳಿ. ನಾನೂ ಹೊಗಳುತ್ತೇನೆ. ಇಂಥದ್ದನ್ನು ಯೋಚಿಸಿದವನ ತಲೆಗೆ ನಮಸ್ಕಾರ. ಕಿವಿ ಹೋದದ್ದಕ್ಕೆ ನನಗೆ ಸಿಟ್ಟಿಲ್ಲ. ಮುಚ್ಚಿಟ್ಟದ್ದಕ್ಕೂ, ಹೋಗಲಿ ಬಿಡಿ, ಇಲ್ಲ.

“ಹೇಳೋಗು ಎಲ್ರಿಗೂ,” ಎಂದ. ಹೆದರಿದಾಗ ಅವನು ಕೂಗುತ್ತಿದ್ದ. “ಕಿವುಡನ ಕೈಲಿ ಮಿಕ್ಸ್ ಮಾಡಿಸ್ತಾವ್ರೆ ಅಂತ ಹೇಳೋಗು. ನಾಳೆಯಿಂದ ಒಬ್ಬ ಬತ್ತಾನಾ ಈ ಮೆಟ್ಲು ಹತ್ತಿ? ಒಬ್ಬ?”

“ಯಾರಿಗೂ ಹೇಳಲ್ಲ. ಗುರಪ್ಪಣ್ಣಂಗೆ ಫೋನ್ ಮಾಡಿ. ತೊಗಲು ಬಿಚ್ಚಬೇಡ ಅನ್ನಿ.”

“ನೀನೇ ಮಾಡು.”

ಮಾಡಿದೆ. ಮಹಡಿಯ ಬಿಸಿಲಿನಲ್ಲಿ ನಿಂತು ಮಾಡಿದೆ. ಗುರಪ್ಪ ಎಲ್ಲವನ್ನೂ ಕೇಳಿಸಿಕೊಂಡು ಹೇಳಿದ: “ನೀನ್ ಹೇಳ್ತೀಯ ಕಣಮ್ಮಿ, ಬ್ಯಾಡ ಅಂತ. ಸಾರು ಸಡ್ಲ ಅಂದವ್ರೆ. ನಾನ್ ಯಾರ್ ಮಾತು ಕೇಳ್ಲಿ? ಬಿಗಿಯೋನು ನಾಳೆ ಬತ್ತಾನೆ. ಅಷ್ಟ್ರಲ್ಲಿ ಸಾರು ಒಂದ್ ಮಾತು ಬ್ಯಾಡ ಅನ್ಲಿ, ಮುಟ್ಟೋದೇ ಇಲ್ಲ.”

ಒಳಗೆ ಬಂದು ಹೇಳಿದೆ. ನಿಮ್ಮ ಮಾತೇ ಬೇಕಂತೆ. ಕಾರಣ ಹೇಳಬೇಡಿ. ಕಿವಿಯ ವಿಚಾರ ಎತ್ತಬೇಡಿ. ಬಿಚ್ಚಬೇಡ ಅಂದರೆ ಸಾಕು. ಒಂದೇ ಒಂದು ಮಾತು.

“ಮಾಡ್ತೀನಿ.”

“ಈಗ್ಲೇ ಮಾಡಿ.”

“ಮಾಡ್ತೀನಿ ಅಂದ್ನಲ್ಲಾ! ತಲೆ ಗಿರ್ ಅಂತೈತೆ, ಹೋಗತ್ಲಾಗೆ.”

ಮರುದಿನ ಬೆಳಗ್ಗೆ ಕೇಳಿದೆ. ಕನ್ನಡಕ ಒರೆಸಿಕೊಳ್ಳುತ್ತಿದ್ದ. ಮುಖ ಎತ್ತದೆ, “ಮಾಡ್ದೆ,” ಎಂದ.

ನಾನು ನಂಬಿದೆ. ನಂಬಿ, ಹಳೆಯ ಧ್ವನಿಮುದ್ರಣವನ್ನೇ ಬಳಸುತ್ತೇವೆ, ಚಿಂತೆ ಬೇಡ ಎಂದು ಗುರಪ್ಪನಿಗೆ ಮುಖ ಕಂಡೇ ಹೇಳೋಣ ಅಂತ ಮಾರನೆಯ ದಿನ ತಳಿಯ ಬಸ್ಸು ಹತ್ತಿದೆ. ಬಸ್ಸು ದಿಬ್ಬ ಏರಿ ಗಾಳಿ ತಣ್ಣಗಾಗುವಾಗ ನಾನು ಖುಷಿಯಾಗಿದ್ದೆ. ಆ ಖುಷಿಯನ್ನು ಕೂಡ ಅವನ ತಪ್ಪಿನ ಲೆಕ್ಕಕ್ಕೇ ಹಾಕುತ್ತೇನೆ.

ಗುರಪ್ಪನ ಮನೆಯ ಹೊರಗೋಡೆಯ ಮೊಳೆಗೆ ಹಳೆಯ ಚರ್ಮ ನೇತಾಡುತ್ತಿತ್ತು. ಬಿಸಿಲಿಗೆ ಹಪ್ಪಳದ ಹಾಗೆ ಮುರುಟಿಕೊಂಡಿತ್ತು. ನಡುವೆ, ಕಡ್ಡಿ ಉಜ್ಜಿ ಉಜ್ಜಿ ಹೊಳಪಾದ ಕಪ್ಪು ಜಾಗ. ಅಂಗಳದಲ್ಲಿ ಹೊಸ ಬಿಳಿ ಚರ್ಮ ಬಿಗಿದ ಉರುಮೆ.

“ಫೋನು ಬರಲಿಲ್ವಾ ಗುರಪ್ಪಣ್ಣಾ?”

“ನೆನ್ನೆ ಮದ್ಯಾನದ ಗಂಟ ಬಿಗಿಯೋನ್ನ ಕಾಯಿಸ್ದೆ ಕಣಮ್ಮಿ. ಕೋಸಿಗೆ ನೀರು ಕಟ್ಟಾಕ್ ಹೋಗುವಾಗ್ಲೂ ಫೋನು ಸೊಂಟ್ದಾಗೇ ಇತ್ತು. ಬರ್ಲಿಲ್ಲ. ಬರ್ಲಿಲ್ಲ ಅಂದ್ಮೇಲೆ ಸಡ್ಲಾನೇ ಇರ್ಬೇಕು ಅಂತ ಬಿಚ್ಚಿಸ್ಬುಟ್ಟೆ.”

ಗುರಪ್ಪನ ಹೆಂಡತಿ ಸೊಪ್ಪು ಸೋಸುತ್ತಿದ್ದವಳು ತಲೆ ಎತ್ತಿದಳು. “ಯಾರೋ ಅಂದ್ರಂತೆ, ಇವನು ಕೇಳಿದ್ನಂತೆ. ನಮ್ಮಾವನ್ನ ಎಲ್ಡ್ನೇ ಸಲ ಮಣ್ಣು ಮಾಡ್ದಂಗಾಯ್ತು.”

“ಮತ್ತೆ ನೆನೆಸಿ ಬಿಗಿಯೋಕಾಗಲ್ವಾ?”

“ಉರುಮೆ ಬಾಯಿನ ಬಳೆಯಿಂದ ಬಿಡ್ಸಿ ಕುಯ್ದಾಯ್ತಲ್ಲ,” ಎಂದ ಗುರಪ್ಪ. “ಕುಯ್ದಿದ್ ತೊಗ್ಲು ತಿರ್ಗಾ ಕೂಡಲ್ಲ. ಅದಿರ್ಲಿ, ನೀನಾದ್ರೂ ಹೇಳು. ಸಡ್ಲ ಇತ್ತಾ, ಇರ್ಲಿಲ್ವಾ?”

“ಇರಲಿಲ್ಲ.”

“ಮತ್ಯಾಕಂದ್ರು?”

“ಅದನ್ನ ಅವರ ಬಾಯಿಂದಲೇ ಕೇಳು. ಬಾ. ಉರುಮೆ ತಗೊಂಡು ಬಾ.”

ಗುರಪ್ಪ ಬರುವ ಮೊದಲು ಹಳೆಯ ಧ್ವನಿಮುದ್ರಣವನ್ನು ಮಿಕ್ಸ್ ಮಾಡಿ ಮುಗಿಸಿ ಎಂದೆ ಅವನಿಗೆ. ಕೇಳಿಕೊಳ್ಳಲಿಲ್ಲ, ಅಪ್ಪಣೆ ಮಾಡಿದೆ. ಅವನು ಕನ್ನಡಕ ತೆಗೆದು ಕೂತ, ನಾನು ಪರದೆ ಓದಿದೆ. ಕೊನೆಗೆ ತಿದ್ದುಪಡಿಯನ್ನು ನನ್ನ ಕೈಯಾರೆ ಆರಿಸಿ ಫೈಲು ತೆಗೆದೆ. ಆ ಮಿಕ್ಸಿನ ಬಗ್ಗೆ ಸುಳ್ಳು ಬರೆಯಲಾರೆ. ತಳ ಕಂಡಿತು, ಕೆಸರು ಏಳಲಿಲ್ಲ. ಫೋನಿನ ಪುಟ್ಟ ಸ್ಪೀಕರಿಗೆ ಅಷ್ಟು ಕೆಳಗಿನ ದನಿ ಎಟುಕುವುದೇ ಇಲ್ಲ; ಅದರ ಜೊತೆಗೇ ಹುಟ್ಟುವ ಮೇಲಿನ ಸಣ್ಣ ದನಿಗಳನ್ನು, ಅದರ ನೆರಳುಗಳನ್ನು, ಅವನು ಚೂರೇ ಎತ್ತಿಟ್ಟಿದ್ದ, ಉಳಿದದ್ದನ್ನು ಕೇಳುವವರ ಕಿವಿ ತಾನೇ ತುಂಬಿಕೊಳ್ಳುತ್ತಿತ್ತು. ಸಂಪುಟದಲ್ಲಿ ಬಂದದ್ದು ಅದೇ. ಅದು ಹೊಸ ಚರ್ಮದ ನಾದ ಎಂದೇ ಕಾರ್ಯದರ್ಶಿ ಇಂದಿಗೂ ತಿಳಿದಿದ್ದಾರೆ. ತೊಗಲು ಸಡಿಲ ಎಂದು ಕಾರಿನಲ್ಲೇ ಕಂಡುಹಿಡಿದನಲ್ಲ, ಆ ಕಿವಿಗೇ ಚಿನ್ನದ ಕಿವಿ ಎಂದು ಹೆಸರಿಟ್ಟಿದ್ದಾರೆ. ಅದೇ ಅವರಿಗೆ ಬೇಕಾದ ಒಳ್ಳೆಯ ಪ್ರಸಂಗ.

ಗುರಪ್ಪ ಬಂದ. ತಲೆಗೆ ಸುತ್ತಿದ್ದ ಟವೆಲ್ಲು ಬಿಚ್ಚಿ ಹೆಡ್‌ಫೋನು ಹಾಕಿಸಿಕೊಂಡ. ಕೇಳಿದ. ಗುರಪ್ಪ 'ಅಪ್ಪಾ' ಎಂದ ಎಂದು ಬರೆಯಲು ನನ್ನ ಕೈ ಹೋಗುತ್ತಿದೆ. ಅನ್ನಲಿಲ್ಲ. ಮೂಗು ಒರೆಸಿಕೊಂಡ, ಅಷ್ಟೆ. ಶೀತವೂ ಇದ್ದಿರಬಹುದು.

“ಇದು ಅವತ್ತಿಂದಾ? ಹಳೇ ತೊಗ್ಲಿಂದಾ?”

“ಹೂಂ,” ಎಂದ ಅವನು.

“ಇದ್ರಾಗೆ ಎಲ್ಲೈತೆ ಸಾಮೀ ಸಡ್ಲ?”

ಅವನು ಜೇಬಿನಲ್ಲಿ ಕನ್ನಡಕ ತಡಕಿದ. “ಮಿಕ್ಸಲ್ಲಿ ಸರಿ ಮಾಡಿದೀನಿ.”

“ಅಣ್ಣಾ!” ಎಂದೆ ನಾನು. ಕಿರುಚಿದೆ ಎನ್ನಬೇಕು.

“ಎಡಗಿವೀಲಿ ಸ್ವಲ್ಪ ತೊಂದ್ರೆ ಐತೆ,” ಎಂದ ಆಮೇಲೆ, ಗೋಡೆಗೆ ಹೇಳುವವನ ಹಾಗೆ. “ಅವತ್ತು ಅದ್ರಿಂದ ಒಸಿ ಹೆಚ್ಚುಕಮ್ಮಿ ಆಯ್ತು. ದೊಡ್ಡದೇನಲ್ಲ.”

ಗುರಪ್ಪ ಬೈಯಲಿಲ್ಲ. ಎದ್ದು, ಹೆಡ್‌ಫೋನು ತೆಗೆದಿಟ್ಟು, ಉರುಮೆಯನ್ನು ಕೊರಳಿಗೆ ಹಾಕಿಕೊಂಡು ಅವನ ಎಡಗಡೆಗೆ ಹೋಗಿ ನಿಂತ. “ಬಲಗಿವಿಗೆ ಬೆಳ್ಳಿಟ್ಕೊ ಸಾಮಿ,” ಎಂದ. ಯಾರ ಮಾತನ್ನೂ ಕೇಳದವನು ಬೆರಳಿಟ್ಟುಕೊಂಡ. ಗುರಪ್ಪ ಬಾಗಿದ ಕಡ್ಡಿ ಒತ್ತಿ ಉಜ್ಜಿದ. ಕೋಣೆಯ ಮೂಲೆಗಳೆಲ್ಲ ನರಳಿದವು. ಕೆಳಗಿನಿಂದ ಓನರಮ್ಮ ಗಾಬರಿಯಲ್ಲಿ ಕೂಗಿದಳು: “ಅಯ್ಯೋ, ಯಾರ್ ಸತ್ರು? ಮೇಲೆ ಯಾರ್ ಸತ್ರು?”

“ಕೇಳ್ತದಾ?” ಎಂದ ಗುರಪ್ಪ.

ಕೇಳುತ್ತದೆ ಎನ್ನಬಹುದಿತ್ತು. ಯಾರು ಪರೀಕ್ಷೆ ಮಾಡುತ್ತಿದ್ದರು?

“ಇಲ್ಲ,” ಎಂದ ಅವನು. “ದವ್ಡೆಗೆ ಗೊತ್ತಾಗ್ತೈತೆ. ಕಿವಿಗಿಲ್ಲ.”

ಗುರಪ್ಪ ಸುತ್ತಿ ಬಲಗಡೆಗೆ ಬಂದ. “ಈಗ ಬೆಳ್ಳು ತೆಗಿ.” ಉಜ್ಜಿದ. “ಇದು?”

“ಕೇಳ್ತೈತೆ.”

“ಹೆಂಗೈತೆ?”

“ಚೆನ್ನಾಗಿಲ್ಲ. ಗಂಟ್ಲು ಕಟ್ದಂಗೈತೆ. ತಳದಿಂದ ಏಳೋದೇ ಇಲ್ಲ.”

“ಹೂಂ. ನಂಗೂ ಅಂಗೇ ಕೇಳ್ತೈತೆ,” ಎಂದ ಗುರಪ್ಪ. ಕಡ್ಡಿಯನ್ನು ಕಂಕುಳಿಗೆ ಸಿಕ್ಕಿಸಿದ. “ಅವತ್ತೂ ಇಂಗೇ ಇದ್ದಿದ್ ಇದ್ದಂಗೆ ಒಂದ್ ಮಾತು ಅಂದಿದ್ರೆ ಆಗ್ತಿತ್ತಲ್ಲಪ್ಪಾ.”

ತಪ್ಪಾಯಿತು ಎನ್ನುತ್ತಾನೆ ಎಂದು ಕಾದೆ. ಇಬ್ಬರೂ ಕಾದೆವು. ಅವನ ಮುಖದಲ್ಲಿ ಏನೋ ಓಡಾಡಿತು. ಆಮೇಲೆ ಅವನು, ಕೆಲಸದ ದನಿಯಲ್ಲಿ, “ಇನ್ನೊಂದ್ ಸಲ ಉಜ್ಜು. ಕಡ್ಡೀನ ಒಸಿ ಅಂಚಿಗ್ ತಗೊಂಡು ಉಜ್ಜು, ನೋಡಾನ,” ಎಂದ.

“ನಿನ್ ಮುಂದೆ ಉಜ್ಜಲ್ಲ,” ಎಂದ ಗುರಪ್ಪ. ಟವೆಲ್ಲು ತಲೆಗೆ ಸುತ್ತಿಕೊಂಡು ಮೆಟ್ಟಿಲಿಳಿದು ಹೋದ.

ನಾನು ಬಾಗಿಲು ಹಾಕಿ ಬಂದು ಬೈಯಲು ಶುರುಮಾಡಿದೆ. ಫೋನು ಮಾಡದಿದ್ದದ್ದಕ್ಕೆ, ಮಾಡಿದೆ ಎಂದದ್ದಕ್ಕೆ, ಗೋಡೆಯ ಮೊಳೆಗೆ ನೇತಾಡುವ ತೊಗಲಿಗೆ, ಎಲ್ಲದಕ್ಕೂ. ಅವನು ಕಣ್ಣು ಮುಚ್ಚಿ, ಒಂದು ಕೈಯಲ್ಲಿ ಮೇಜು ಹಿಡಿದು, ಇನ್ನೊಂದರ ಬೆರಳನ್ನು ಮತ್ತೆ ಬಲಗಿವಿಗೆ ಇಟ್ಟುಕೊಂಡ. ಆದರೆ ಅವನ ಎಡಗಿವಿ ಕಳೆದುಕೊಂಡದ್ದು ತಳದ ದನಿಗಳನ್ನಷ್ಟೇ. ನನ್ನದು ಮೇಲಿನ ದನಿ. ಒಂದೊಂದು ಮಾತೂ ಅವನಿಗೆ ಸ್ಪಷ್ಟವಾಗಿ ಕೇಳುತ್ತಿತ್ತು. ಅದು ಅವನಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ನಾನು ನಿಲ್ಲಿಸಲಿಲ್ಲ.